ದನವನ್ನು ಮೊದಲು ನೆರಳಿಗೆ ಕಟ್ಟಿ

ಬದಿಯಡ್ಕದ ಗುಡ್ಡೆಯಲ್ಲಿ ಮೇಯುವ ದನದ ಮೂಗಿನ ಚರ್ಮ ಸುಲಿಯುತ್ತಿದೆ, ಬೇಲಿಯ ಕೆಂಪು-ಹಳದಿ ಗೊಂಚಲು ಹೂವಿನ ಗಿಡ ತಿಂದದ್ದೇ ಕಾರಣವಾ ಎಂದು ಕೇಳಿದ್ದೀರಿ. ನೀವು ವಿವರಿಸಿದ್ದು ಲಂಟಾನ. ನಿಮ್ಮ ಸಂಶಯ ಸರಿ ಇರುವ ಹಾಗಿದೆ.

ಅದರ ಎಲೆಯಲ್ಲಿ ಲಂಟಾಡಿನ್ ಎಂಬ ವಿಷ ಇದೆ. ಅದು ಲಿವರ್ ಕೆಡಿಸುತ್ತದೆ, ಪಿತ್ತರಸ ಸರಿಯಾಗಿ ಹರಿಯುವುದಿಲ್ಲ. ಆಗ ಹಸಿರು ಮೇವು ಜೀರ್ಣವಾಗುವಾಗ ಹುಟ್ಟುವ ಒಂದು ವಸ್ತು ಹೊರಗೆ ಹೋಗದೆ ರಕ್ತದಲ್ಲೇ ಉಳಿಯುತ್ತದೆ. ಆ ವಸ್ತು ಚರ್ಮಕ್ಕೂ ಬರುವುದರಿಂದ ಬಿಸಿಲು ಬಿದ್ದ ಕಡೆ ಚರ್ಮ ಸುಡುತ್ತದೆ. ಕೂದಲಿಲ್ಲದ ಮೂಗು, ಬಿಳಿ ಮಚ್ಚೆ ಇರುವ ಜಾಗ ಮೊದಲು ಹಾಳಾಗುವುದು ಅದಕ್ಕೇ. ದಯವಿಟ್ಟು ಸುಮ್ನೆ ಮುಲಾಮು ಹಚ್ಚಿ ಕಾಯಬೇಡಿ. ಹೊಟ್ಟೆಯ ಕೆಲಸ ನಿಧಾನವಾಗಿ, ತಿಂದ ಸೊಪ್ಪು ಒಳಗೇ ಉಳಿದು ವಿಷ ಬಿಡುತ್ತಲೇ ಇರುತ್ತದೆ.

ಇವತ್ತೇ ಹಟ್ಟಿಯ ನೆರಳಿನಲ್ಲಿ ಕಟ್ಟಿ, ನೀರು ಕೊಡಿ, ಪಶುವೈದ್ಯರನ್ನು ಕರೆಸಿ. ಕಣ್ಣು ಹಳದಿಯಾಗಿದೆಯಾ, ಸಗಣಿ ಗಟ್ಟಿಯಾಗಿದೆಯಾ ಎಂದು ನೋಡಿ ಅವರಿಗೆ ಹೇಳಿ.

ಮಳೆಗಾಲದಲ್ಲಿ ಬೇಲಿಗೆ ಹಬ್ಬುವ ಅಗ್ನಿಶಿಖೆ ಹೂವು ಎಷ್ಟು ಚೆಂದ ಅಲ್ವಾ? ಅದರ ಬಳ್ಳಿಯೂ ವಿಷ, ಗೆಡ್ಡೆಯಂತೂ ಇನ್ನೂ ಜಾಸ್ತಿ. ಬೇಲಿ ಸವರಿದ ಸೊಪ್ಪನ್ನು ಹಟ್ಟಿಯ ಹತ್ತಿರ ಹಾಕಬೇಡಿ. ಲಂಟಾನ ಒಣಗಿದರೂ ವಿಷ ಹೋಗುವುದಿಲ್ಲ.