ಓದುಗರ ಪ್ರಶ್ನೆ: ರಾಬರ್ಟ್ ಬರ್ನ್ಸ್‌ನ ಬದುಕಿನ ಹೆಂಗಸರು

ಪ್ರಶ್ನೆ: ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ನನಗೆ ಪರಿಚಯವಾದದ್ದು ಬಿ.ಎಂ.ಶ್ರೀ ಅವರ ಅನುವಾದದಿಂದ. ಅವನ ಪ್ರೇಮಗೀತೆಗಳ ಹಿಂದೆ ನಿಜವಾದ ಹೆಣ್ಣುಮಕ್ಕಳಿದ್ದರೇ? — ಓದುಗರು, ಶಿವಮೊಗ್ಗ

ಉತ್ತರ: ಇದ್ದರು. ಆದರೆ ಮೊದಲು ನೆನೆಯಬೇಕಾದವರು ಪ್ರೇಯಸಿಯರಲ್ಲ. 1759ರ ಜನವರಿ 25ರಂದು ಏರ್‌ಷೈರ್ ಸೀಮೆಯ ಅಲೋವೆ ಎಂಬ ಹಳ್ಳಿಯಲ್ಲಿ ಹುಟ್ಟಿದ ಬರ್ನ್ಸ್‌ನಿಗೆ ಹಾಡಿನ ರುಚಿ ಹತ್ತಿಸಿದವಳು ತಾಯಿ ಆಗ್ನೆಸ್ ಬ್ರೌನ್. ಬರೆಯಲು ಬಾರದ ಆಕೆಗೆ ಸೀಮೆಯ ಹಳೆಯ ಹಾಡುಗಳು ಬಾಯಿಪಾಠವಾಗಿದ್ದವು. ತಾಯಿಯ ಬಂಧುವಾದ ಬೆಟ್ಟಿ ಡೇವಿಡ್ಸನ್ ಎಂಬ ಮುದುಕಿ ಆ ಮನೆಗೆ ಬಂದಿದ್ದಾಗ ದೆವ್ವ, ಮಾಟಗಾತಿ, ಯಕ್ಷಿಣಿಯರ ಕತೆಗಳನ್ನು ಹೇಳುತ್ತಿದ್ದಳೆಂದೂ, ತನ್ನಲ್ಲಿ ಕಾವ್ಯದ ಬೀಜ ಬಿದ್ದದ್ದು ಅಲ್ಲಿಯೇ ಎಂದೂ 1787ರಲ್ಲಿ ಡಾಕ್ಟರ್ ಜಾನ್ ಮೂರ್ ಅವರಿಗೆ ಬರೆದ ಆತ್ಮಕಥನದಂಥ ದೀರ್ಘ ಪತ್ರದಲ್ಲಿ ಬರ್ನ್ಸ್ ತಾನೇ ಹೇಳಿಕೊಂಡಿದ್ದಾನೆ.

ಅದೇ ಪತ್ರದಲ್ಲಿ ಅವನ ಮೊದಲ ಪ್ರೇಮದ ಪ್ರಸ್ತಾಪವೂ ಇದೆ. ಹದಿಹರೆಯದಲ್ಲಿ ಸುಗ್ಗಿಯ ಹೊಲದಲ್ಲಿ ಅವನಿಗೆ ಜೊತೆಗಾತಿಯಾಗಿ ಸಿಕ್ಕ ಹುಡುಗಿ ಇಂಪಾಗಿ ಹಾಡುತ್ತಿದ್ದಳು. ಅವಳಿಗೆ ಪ್ರಿಯವಾದ ಕುಣಿತದ ರಾಗವೊಂದಕ್ಕೆ ಮಾತು ಹೊಂದಿಸಲು ಹೊರಟು ಅವನು ತನ್ನ ಮೊದಲ ಹಾಡನ್ನು ಕಟ್ಟಿದ. ಪರಂಪರೆ ಅವಳ ಹೆಸರನ್ನು ನೆಲ್ಲಿ ಕಿಲ್‌ಪ್ಯಾಟ್ರಿಕ್ ಎಂದು ಉಳಿಸಿಕೊಂಡಿದೆ. ಇಲ್ಲಿ ಮೊದಲು ಬಂದದ್ದು ರಾಗ, ಅದೂ ಹೆಣ್ಣಿನ ಕಂಠದಿಂದ. ಮಾತು ಬಂದದ್ದು ಆಮೇಲೆ. ಬರ್ನ್ಸ್‌ನ ಬದುಕಿನ ಹೆಂಗಸರನ್ನು ಕೇವಲ ಸ್ಫೂರ್ತಿದೇವತೆಗಳೆಂದು ಕರೆದು ಸುಮ್ಮನಾಗುವವರು ಇದನ್ನು ಮರೆಯುತ್ತಾರೆ.

ಪ್ರಶ್ನೆ: 'ಹೈಲ್ಯಾಂಡ್ ಮೇರಿ' ನಿಜವೋ ಕಲ್ಪನೆಯೋ? — ಓದುಗರು, ಮೈಸೂರು

ಉತ್ತರ: ಬರ್ನ್ಸ್ ಹಾಡುಗಳಲ್ಲಿ 'ಹೈಲ್ಯಾಂಡ್ ಮೇರಿ' ಎಂದು ಕರೆದ ಪ್ರೇಯಸಿ ಮೇರಿ ಕ್ಯಾಂಪ್‌ಬೆಲ್ ನಿಜ, ಅವಳ ಸುತ್ತ ಬೆಳೆದ ಕತೆಯಲ್ಲಿ ಬಹುಪಾಲು ಮುಂದಿನ ತಲೆಮಾರಿನವರದು. 1786ರಲ್ಲಿ ಬರ್ನ್ಸ್ ಜಮೈಕಾಕ್ಕೆ ಹೋಗಿ, ಗುಲಾಮರು ದುಡಿಯುತ್ತಿದ್ದ ತೋಟವೊಂದರಲ್ಲಿ ಲೆಕ್ಕಪತ್ರದ ಕೆಲಸ ಹಿಡಿಯಲು ಹೊರಟಿದ್ದ ದಿನಗಳಲ್ಲಿ ಇಬ್ಬರೂ ಬೈಬಲ್ ವಿನಿಮಯ ಮಾಡಿಕೊಂಡರೆಂದು ಹೇಳುತ್ತಾರೆ. ಅವನು ಕೊಟ್ಟ ಎರಡು ಸಂಪುಟಗಳ ಬೈಬಲ್ ಉಳಿದುಬಂದಿದೆ. ಇಟ್ಟ ಆಣೆಗೆ ತಪ್ಪಬಾರದೆಂಬ ವಚನಗಳನ್ನು ಅದರಲ್ಲಿ ಬರೆಯಲಾಗಿದೆ. ಅದೇ ಶರತ್ಕಾಲದಲ್ಲಿ ಮೇರಿ ಗ್ರೀನಾಕ್ ಪಟ್ಟಣದಲ್ಲಿ ಜ್ವರದಿಂದ ತೀರಿಕೊಂಡಳು. ವಿಕ್ಟೋರಿಯಾ ಕಾಲದ ಅಭಿಮಾನಿಗಳಿಗೆ ಬೇಗ ಸತ್ತ, ಎದುರಾಡದ, ಕಳಂಕವಿಲ್ಲದ ನಾಯಕಿಯೊಬ್ಬಳು ಬೇಕಾಗಿದ್ದಳು. 1896ರಲ್ಲಿ ಡನೂನ್‌ನಲ್ಲಿ ಅವಳ ಪ್ರತಿಮೆಯನ್ನೂ ನಿಲ್ಲಿಸಿದರು. ಅವನ ಮಕ್ಕಳನ್ನು ಹೆತ್ತು ಸಾಕಿದ ಹೆಂಡತಿಗಿಂತ ಮೇರಿಯೇ ಬಹುಕಾಲ ಮುಂದೆ ನಿಂತದ್ದು ನನಗೆ ಅನ್ಯಾಯವೆಂದೇ ತೋರುತ್ತದೆ.

ಪ್ರಶ್ನೆ: ಹಾಗಾದರೆ ಆ ಹೆಂಡತಿ ಯಾರು? ಅವನ ನಡತೆಯನ್ನು ಆಕೆ ಹೇಗೆ ಸಹಿಸಿದಳು? — ಓದುಗರು, ಧಾರವಾಡ

ಉತ್ತರ: ಜೀನ್ ಆರ್ಮರ್ ಮಾಕ್ಲಿನ್ ಊರಿನ ಕಲ್ಲುಕೆಲಸದ ಗುತ್ತಿಗೆದಾರನ ಮಗಳು, 1765ರಲ್ಲಿ ಹುಟ್ಟಿದವಳು. 1786ರಲ್ಲಿ ಆಕೆ ಗರ್ಭಿಣಿಯಾದಾಗ ಬರ್ನ್ಸ್ ಮದುವೆಯ ಒಡಂಬಡಿಕೆಯ ಪತ್ರವೊಂದನ್ನು ಬರೆದುಕೊಟ್ಟಿದ್ದ. ಸ್ಕಾಟ್ಲೆಂಡಿನ ಅಂದಿನ ಕಾನೂನಿನಲ್ಲಿ ಅಂಥ ಪತ್ರಕ್ಕೆ ಬೆಲೆಯಿತ್ತು. ತಂದೆ ಅದರಲ್ಲಿದ್ದ ಹೆಸರುಗಳನ್ನು ಕತ್ತರಿಸಿಹಾಕಿಸಿ ಮಗಳನ್ನು ಪೈಸ್ಲಿಗೆ ಕಳಿಸಿಬಿಟ್ಟ. ಆ ಬೇಸಗೆಯಲ್ಲಿ ಬರ್ನ್ಸ್ ಇಗರ್ಜಿಯಲ್ಲಿ ಎಲ್ಲರೆದುರು ಛೀಮಾರಿ ಹಾಕಿಸಿಕೊಂಡ. ಜುಲೈ 31ರಂದು ಕಿಲ್ಮಾರ್ನಾಕ್‌ನಲ್ಲಿ ಅವನ ಮೊದಲ ಕವನಸಂಕಲನ 612 ಪ್ರತಿಗಳಲ್ಲಿ ಹೊರಬಂದಿತು. ಸೆಪ್ಟೆಂಬರ್ 3ರಂದು ಜೀನ್ ಅವಳಿ ಮಕ್ಕಳನ್ನು ಹೆತ್ತಳು. ಇದಕ್ಕೂ ಹಿಂದಿನ ವರ್ಷ, ಮನೆಯ ಕೆಲಸಕ್ಕಿದ್ದ ಎಲಿಜಬೆತ್ ಪೇಟನ್ ಎಂಬಾಕೆಗೆ ಅವನಿಂದ ಮಗಳೊಬ್ಬಳು ಹುಟ್ಟಿದ್ದಳು. ಆ ಮಗುವನ್ನು ಸ್ವಾಗತಿಸಿ ಅವನು ಬರೆದ ಕವಿತೆಯಲ್ಲಿ ಊರಿನ ಹಂಗನ್ನು ಧಿಕ್ಕರಿಸುವ ತಂದೆಯ ನಿಜವಾದ ಅಕ್ಕರೆಯಿದೆ. ಆದರೆ ಆ ಮಗುವನ್ನು ಎತ್ತಿ ಬೆಳೆಸಿದವಳು ಅವನ ತಾಯಿ.

1788ರ ಆರಂಭದ ವಾರಗಳು ಓದಲು ಕಷ್ಟವಾಗುವಂಥವು. ಜೀನ್ ಮತ್ತೆ ಗರ್ಭಿಣಿಯಾಗಿದ್ದಳು, ತವರಿನವರು ಆಕೆಯನ್ನು ಹೊರಗೆ ಹಾಕಿದ್ದರು. ಫೆಬ್ರವರಿಯಲ್ಲಿ ಬರ್ನ್ಸ್ ಎಡಿನ್‌ಬರೋದ ತನ್ನ ಪ್ರೇಯಸಿಗೆ ಬರೆದ ಪತ್ರದಲ್ಲಿ ಜೀನ್‌ಳನ್ನು ಆರುತ್ತಿರುವ ಕಾಸಿನ ಮೇಣದ ಬತ್ತಿಗೂ ಆ ಪ್ರೇಯಸಿಯನ್ನು ನಡುಹಗಲಿನ ಸೂರ್ಯನಿಗೂ ಹೋಲಿಸಿದ. ಮಾರ್ಚ್ 3ರಂದು ಗೆಳೆಯ ರಾಬರ್ಟ್ ಏನ್ಸ್‌ಲಿಗೆ ಬರೆದ ಪತ್ರದಲ್ಲಂತೂ, ದಿನ ತುಂಬಿದ ಆಕೆಯೊಡನೆ ತಾನು ನಡೆದುಕೊಂಡದ್ದನ್ನು ಜಂಬದಿಂದ ವರ್ಣಿಸಿದ್ದಾನೆ. ಅವಳಿಯಾಗಿ ಹುಟ್ಟಿದ ಆ ಮಕ್ಕಳು ಸ್ವಲ್ಪ ದಿನಗಳಲ್ಲೇ ತೀರಿಕೊಂಡವು. 2018ರಲ್ಲಿ ಸ್ಕಾಟ್ಲೆಂಡಿನ ಕವಯಿತ್ರಿ ಲಿಜ್ ಲಾಕ್‌ಹೆಡ್ ಈ ಪತ್ರವನ್ನು ಕಟುವಾಗಿ ಖಂಡಿಸಿದಾಗ ಅಲ್ಲಿ ದೊಡ್ಡ ಚರ್ಚೆ ಎದ್ದಿತು. ಅದು ಆ ಕಾಲದ ರೀತಿ ಎಂದು ಹೇಳಿ ಪತ್ರವನ್ನು ಮುಚ್ಚಿಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಹೆಣ್ಣಿನ ನೋವನ್ನು ಅರಿಯಬಲ್ಲವನಾಗಿದ್ದ ಎಂಬುದಕ್ಕೆ ಅವನ ಹಾಡುಗಳೇ ಸಾಕ್ಷಿಯಾಗಿರುವಾಗ, ಅರಿಯದೆ ಮಾಡಿದ ಎನ್ನಲು ಬರುವುದಿಲ್ಲ.

ಆಮೇಲೆ ಕೆಲವೇ ವಾರಗಳಲ್ಲಿ ಅವನು ಜೀನ್‌ಳನ್ನು ಹೆಂಡತಿಯೆಂದು ಎಲ್ಲರ ಮುಂದೆ ಒಪ್ಪಿಕೊಂಡ. ಪಡುವಣ ಗಾಳಿ ತನ್ನ ಜೀನ್ ಇರುವ ದಿಕ್ಕಿನಿಂದ ಬೀಸುತ್ತದೆ, ಆದ್ದರಿಂದ ಅದೇ ತನಗೆ ಪ್ರಿಯ ಎಂಬ ಸೊಗಸಾದ ಹಾಡನ್ನು ಅದೇ ವರ್ಷ ಕಟ್ಟಿದ. ಜೀನ್‌ಳ ಕಂಠವನ್ನು ಅವನು ಪತ್ರಗಳಲ್ಲಿ ಹೊಗಳಿದ್ದಾನೆ. ಸ್ಕಾಟ್ಲೆಂಡಿನ ನೂರಾರು ಜನಪದ ಹಾಡುಗಳನ್ನು ತಿದ್ದಿ ಉಳಿಸುತ್ತಿದ್ದ ಕವಿಗೆ ಮನೆಯಲ್ಲೇ ಅಂಥ ಹಾಡುಗಾರ್ತಿಯಿದ್ದದ್ದು ಸಣ್ಣ ಸಂಗತಿಯಲ್ಲ. 1791ರ ಮಾರ್ಚ್ 31ರಂದು ಡಂಫ್ರೀಸ್‌ನ ಗ್ಲೋಬ್ ಇನ್ ಎಂಬ ವಸತಿಗೃಹದ ಆನ್ ಪಾರ್ಕ್‌ಳಿಗೆ ಬರ್ನ್ಸ್‌ನಿಂದ ಹೆಣ್ಣುಮಗು ಹುಟ್ಟಿತು; ಏಪ್ರಿಲ್ 9ರಂದು ಜೀನ್ ಗಂಡುಮಗುವನ್ನು ಹೆತ್ತಳು. ಆ ಹೆಣ್ಣುಮಗುವನ್ನೂ ಜೀನ್ ತನ್ನ ಮಕ್ಕಳ ಜೊತೆಯಲ್ಲೇ ಸಾಕಿದಳು. ಸಹಿಸಿದಳು ಎಂಬ ಮಾತು ಇದಕ್ಕೆ ಸಾಲದು. ಮನೆ, ಹೊಲ, ಕೂಸುಗಳನ್ನು ನಡೆಸುವ ಹೊಣೆ ಆಕೆಯದಾಗಿತ್ತು, ಅದನ್ನು ಆಕೆ ನಡೆಸಿದಳು. ಒಂಬತ್ತು ಮಕ್ಕಳಲ್ಲಿ ಮೂವರು ಮಾತ್ರ ದೊಡ್ಡವರಾದರು. 1796ರ ಜುಲೈ 25ರಂದು, ಗಂಡನ ಅಂತ್ಯಕ್ರಿಯೆಯ ದಿನವೇ, ಆಕೆ ಕೊನೆಯ ಮಗನನ್ನು ಹೆತ್ತಳು. ಆ ನಂತರ 1834ರವರೆಗೆ ಬದುಕಿದಳು.

ಪ್ರಶ್ನೆ: 'ಕ್ಲಾರಿಂಡಾ' ಜೊತೆಗಿನದು ಬರೀ ಪತ್ರಪ್ರೇಮವೇ? — ಓದುಗರು, ಮುಂಬಯಿ

ಉತ್ತರ: ನೀವು ಕೇಳುತ್ತಿರುವುದು, ಮೇಲೆ ಹೇಳಿದ ಎಡಿನ್‌ಬರೋದ ಪ್ರೇಯಸಿಯನ್ನು ಕುರಿತು. ಆಗ್ನೆಸ್ ಮೆಕ್‌ಲಿಹೋಸ್ ಗಂಡನಿಂದ ಬೇರೆಯಾಗಿದ್ದ, ಓದುಬರಹ ಬಲ್ಲ, ಸ್ವತಃ ಕವಿತೆ ಬರೆಯುತ್ತಿದ್ದ ಹೆಂಗಸು. 1787ರ ಡಿಸೆಂಬರ್ 4ರಂದು ಚಹಾಕೂಟವೊಂದರಲ್ಲಿ ಇಬ್ಬರ ಭೇಟಿಯಾಯಿತು. ಬರ್ನ್ಸ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಮನೆ ಹಿಡಿದದ್ದರಿಂದ ಪತ್ರಗಳು ಶುರುವಾದವು. ಆಕೆ ಕ್ಲಾರಿಂಡಾ, ಅವನು ಸಿಲ್ವಾಂಡರ್. ಧರ್ಮ ಮತ್ತು ಮಾನದ ಎಲ್ಲೆಯನ್ನು ಆಕೆ ಬಿಟ್ಟುಕೊಡಲಿಲ್ಲವೆಂದೇ ಆ ಪತ್ರಗಳಿಂದ ತಿಳಿಯುತ್ತದೆ.

ಆದರೆ ಈ ಕತೆಯನ್ನು ಜೆನ್ನಿ ಕ್ಲೋಳನ್ನು ಬಿಟ್ಟು ಹೇಳಬಾರದು. ಆಕೆ ಎಡಿನ್‌ಬರೋದ ಮನೆಗೆಲಸದವಳು. 1788ರ ನವೆಂಬರಿನಲ್ಲಿ ಬರ್ನ್ಸ್‌ನ ಮಗನನ್ನು ಹೆತ್ತಳು. 1791ರ ಕೊನೆಯಲ್ಲಿ ಆಕೆ ಕಾಯಿಲೆಯಿಂದ ಸಾವಿನಂಚಿನಲ್ಲಿ, ಕೈಯಲ್ಲಿ ಕಾಸಿಲ್ಲದೆ ಮಲಗಿದ್ದಾಗ ಅದನ್ನು ಬರ್ನ್ಸ್‌ನಿಗೆ ನಿಷ್ಠುರವಾಗಿ ಬರೆದು ತಿಳಿಸಿದವಳು ಕ್ಲಾರಿಂಡಾ. ಐದು ಶಿಲಿಂಗ್ ಕೊಡಿಸಿ ಎಂದು ಅವನು ಆಕೆಯನ್ನೇ ಕೇಳಿಕೊಂಡ. ಡಿಸೆಂಬರ್ 6ರಂದು ಕ್ಲಾರಿಂಡಾ ಮತ್ತು ಬರ್ನ್ಸ್ ಕೊನೆಯ ಬಾರಿ ಭೇಟಿಯಾದರು. ಆಕೆ ಜಮೈಕಾದಲ್ಲಿದ್ದ ಗಂಡನ ಬಳಿಗೆ ಹೊರಟಿದ್ದಳು. 27ರಂದು ಅವನು ಆಕೆಗೆ ಕಳಿಸಿದ ವಿದಾಯದ ಹಾಡು ಸ್ಕಾಟ್ ಭಾಷೆಯ ಅತ್ಯುತ್ತಮ ಗೀತೆಗಳಲ್ಲಿ ಒಂದು. ಒಂದೇ ಚಳಿಗಾಲದಲ್ಲಿ ಒಬ್ಬಳಿಗೆ ಅಂಥ ಹಾಡು, ಇನ್ನೊಬ್ಬಳಿಗೆ ಐದು ಶಿಲಿಂಗ್. ಜೆನ್ನಿ ಮರುವರ್ಷ ತೀರಿಕೊಂಡಳು. ಗಂಡ ಜಮೈಕಾದಲ್ಲಿ ಬೇರೆ ಸಂಸಾರ ಹೂಡಿದ್ದರಿಂದ ಕ್ಲಾರಿಂಡಾ ಬೇಗನೆ ಹಿಂತಿರುಗಿದಳು. ನಲವತ್ತು ವರ್ಷಗಳ ನಂತರ, 1831ರ ಡಿಸೆಂಬರ್ 6ರಂದು, ಆ ದಿನವನ್ನು ಎಂದಿಗೂ ಮರೆಯಲಾರೆನೆಂದು ದಿನಚರಿಯಲ್ಲಿ ಬರೆದುಕೊಂಡಳು.

ಪ್ರಶ್ನೆ: ಪ್ರೇಮದ ಸಂಬಂಧವಿಲ್ಲದ ಗೆಳತಿಯರು ಅವನಿಗೆ ಇರಲಿಲ್ಲವೇ? — ಓದುಗರು, ಮಂಗಳೂರು

ಉತ್ತರ: ಇದ್ದರು. ಫ್ರಾನ್ಸಿಸ್ ಡನ್‌ಲಪ್ ಅವನಿಗಿಂತ ಸುಮಾರು ಮೂವತ್ತು ವರ್ಷ ಹಿರಿಯಳು. ದುಃಖದಲ್ಲಿ ಮುಳುಗಿದ್ದಾಗ ಅವನ ಕವಿತೆಯೊಂದನ್ನು ಓದಿ ಚೇತರಿಸಿಕೊಂಡು 1786ರಲ್ಲಿ ಪತ್ರ ಬರೆದ ಆಕೆ, ಅವನ ಒರಟು ಮಾತುಗಳನ್ನು ತಾಯಿಯಂತೆ ತಿದ್ದಲು ಹೋಗುತ್ತಿದ್ದಳು. ಫ್ರಾನ್ಸಿನ ರಾಜರಾಣಿಯರ ಮರಣದಂಡನೆಯನ್ನು ಕುರಿತು ಬರ್ನ್ಸ್ ಕಟುವಾಗಿ ಬರೆದಾಗ ನೊಂದು ಮೌನವಾದಳು. ಸಾಯುವ ಕೆಲವೇ ದಿನಗಳ ಮುಂಚೆ ಅವನು ಆಕೆಗೆ ಇನ್ನೊಮ್ಮೆ ಪತ್ರ ಬರೆದ. ಕೊನೆಯ ಕಾಯಿಲೆಯಲ್ಲಿ ಮನೆಯವರಿಗೆ ನೆರವಾಗಿ ನಿಂತ ತರುಣಿ ಜೆಸ್ಸಿ ಲೂವಾರ್ಸ್‌ಳಿಗೂ ಅವನು ಒಂದು ಹಾಡು ಕಟ್ಟಿದ.

ಮರಿಯಾ ರಿಡೆಲ್‌ಳನ್ನು ಮಾತ್ರ ನೀವು ಅವಶ್ಯ ಓದಬೇಕು. ಜಗಳವಾಗಿ ಅವನಿಂದ ಕೀಳು ಮಟ್ಟದ ಕುಚೋದ್ಯದ ಪದ್ಯಗಳನ್ನು ಉಂಡವಳು ಆಕೆ, ಮುಂದೆ ರಾಜಿಯಾದಳು. ಅವನು ಸತ್ತ ಮರುತಿಂಗಳೇ ಡಂಫ್ರೀಸ್‌ನ ಪತ್ರಿಕೆಯಲ್ಲಿ ಆಕೆ ಬರೆದ ನೆನಪಿನ ಲೇಖನ ಅವನ ದೋಷಗಳನ್ನು ಮುಚ್ಚಿಡುವುದಿಲ್ಲ, ಹಗೆಯನ್ನೂ ಸಾಧಿಸುವುದಿಲ್ಲ. ಅವನ ನಿಜವಾದ ಶಕ್ತಿ ಕಾವ್ಯವಲ್ಲ, ಎದುರು ಕೂತವರನ್ನು ಮರುಳುಮಾಡುವ ಮಾತುಗಾರಿಕೆ ಎಂಬುದು ಆಕೆಯ ತೀರ್ಮಾನ. ಕಾವ್ಯದ ವಿಷಯದಲ್ಲಿ ನಾನು ಆಕೆಯನ್ನು ಒಪ್ಪುವುದಿಲ್ಲ. ಮಾತಿನ ವಿಷಯದಲ್ಲಿ, ಕೇಳಿದವಳ ಸಾಕ್ಷ್ಯವನ್ನೇ ನಂಬುತ್ತೇನೆ.