ಅಟ್ಟದ ಮೇಲೆ ಸಿಕ್ಕ ಹಳೆಯ ಕಂಪ್ಯೂಟರ್ ಸ್ಪೆಕ್ಟ್ರಮ್‌ಗೆ ರೂಟರಿನ ಅಡಾಪ್ಟರ್ ಹಾಕಬಹುದೇ? ಅಥವಾ ಅದನ್ನು ಮಾರಿ ಅದೇ ಕಾಲದ ಕಮೊಡೋರ್ 64 ಕಂಪ್ಯೂಟರ್ ಕೊಳ್ಳಲೇ?

ದಯವಿಟ್ಟು ಆ ಅಡಾಪ್ಟರನ್ನು ಸಿಕ್ಕಿಸಬೇಡಿ. ‘ಇದೂ 9 ವೋಲ್ಟ್, ಪಿನ್ ಕೂಡ ಸರಿಯಾಗಿ ಕೂರುತ್ತದೆ’ ಎಂದು ನೀವು ಬರೆದ ಸಾಲನ್ನು ಓದುತ್ತಿದ್ದಂತೆ 1987ರ ಬೇಸಿಗೆ ರಜೆಯ ಒಂದು ಮಧ್ಯಾಹ್ನ ನನ್ನ ಕಣ್ಣ ಮುಂದೆ ಬಂದು ನಿಂತಿತು.

ನನ್ನ ಸೋದರಮಾವ ಇಂಗ್ಲೆಂಡಿನಿಂದ ಬರುವಾಗ 48ಕೆ, ಅಂದರೆ 48 ಕಿಲೋಬೈಟ್ ಸ್ಮೃತಿಯ (ಮೆಮೊರಿಯ) ಸ್ಪೆಕ್ಟ್ರಮ್ ತಂದುಕೊಟ್ಟಿದ್ದರು. 1982ರಲ್ಲಿ ಅದು ಹೊರಬಂದಾಗ ಅಲ್ಲಿನ ಬೆಲೆ 175 ಪೌಂಡ್. ರಬ್ಬರ್ ಕೀಲಿಗಳಲ್ಲಿ ‘ಜೆ’ ಒತ್ತಿದರೆ ‘ಲೋಡ್’ ಎಂಬ ಇಡೀ ಪದವೇ ಮೂಡುತ್ತಿತ್ತು. ಟೇಪ್ ರೆಕಾರ್ಡರಿನಿಂದ ಪ್ರೋಗ್ರಾಂ ಒಳಗಿಳಿಯುವಷ್ಟು ಹೊತ್ತೂ ಪರದೆಯ ಅಂಚಿನಲ್ಲಿ ನೀಲಿ, ಹಳದಿ ಪಟ್ಟೆಗಳು ಓಡುತ್ತಿದ್ದವು. ಎರಡು ವರ್ಷಗಳ ಬಳಕೆಯ ನಂತರ ಅಡಾಪ್ಟರಿನ ತಂತಿ ಬುಡದಲ್ಲೇ ತುಂಡಾಯಿತು. ನಾನು ಊರಿನ ರೇಡಿಯೊ ಅಂಗಡಿಯಿಂದ 9 ವೋಲ್ಟಿನ ಬ್ಯಾಟರಿ ಎಲಿಮಿನೇಟರ್ ತಂದೆ. ವೋಲ್ಟೇಜ್ ಒಂದೇ, ಪಿನ್ನೂ ಒಂದೇ; ಮತ್ತೇನು ನೋಡುವುದಿದೆ ಎಂದುಕೊಂಡೆ.

ನೋಡಬೇಕಾಗಿದ್ದದ್ದು ಧ್ರುವತೆ. ಸ್ಪೆಕ್ಟ್ರಮ್‌ನ ಪ್ಲಗ್ಗಿನಲ್ಲಿ ನಡುವಿನ ತೂತು ಋಣ, ಹೊರಗಿನ ಕೊಳವೆ ಧನ. ನಾನು ತಂದದ್ದು ಇದಕ್ಕೆ ತದ್ವಿರುದ್ಧವಾಗಿತ್ತು. ಇಂದಿನ ರೂಟರ್ ಅಡಾಪ್ಟರುಗಳಲ್ಲಿಯೂ ಸಾಮಾನ್ಯವಾಗಿ ನಡುವಿನದೇ ಧನ. ತಲೆಕೆಳಗಾದ ವಿದ್ಯುತ್ತನ್ನು ಬಾಗಿಲಲ್ಲೇ ತಡೆಯುವ ಡಯೋಡ್ ಆ ಯಂತ್ರದಲ್ಲಿಲ್ಲ. ಕೆಳಗಿನ 16ಕೆ ಸ್ಮೃತಿ 4116 ಎಂಬ ಎಂಟು ಚಿಪ್‌ಗಳಲ್ಲಿದ್ದು, ಅವುಗಳಿಗೆ 5, 12 ಮತ್ತು ಋಣ 5 ಎಂಬ ಮೂರು ವೋಲ್ಟೇಜ್‌ಗಳು ಬೇಕು. ಒಂದು ಸುರುಳಿ ಮತ್ತು ಒಂದೆರಡು ಟ್ರಾನ್ಸಿಸ್ಟರುಗಳ ಪುಟ್ಟ ಮಂಡಲವೊಂದು 12 ಮತ್ತು ಋಣ 5ನ್ನು ತಯಾರಿಸುತ್ತದೆ. ನನ್ನ ಎಲಿಮಿನೇಟರ್ ಮೊದಲು ಸುಟ್ಟದ್ದು ಅದನ್ನೇ. ಆಗಲಾದರೂ ನಿಲ್ಲಿಸಬೇಕಿತ್ತು. ನಾನು ತಂತಿಗಳನ್ನು ಅದಲುಬದಲು ಮಾಡಿ ಮತ್ತೆ ಜೋಡಿಸಿದೆ. ಪರದೆಯ ಮೇಲೆ ಉದ್ದುದ್ದ ಪಟ್ಟೆಗಳು ಬಂದವು. ಏನೋ ಬರುತ್ತಿದೆಯಲ್ಲ, ಬಿಸಿಯಾದರೆ ಸರಿಹೋದೀತು ಎಂಬ ಆಸೆಯಿಂದ ಹತ್ತು ನಿಮಿಷ ಹಾಗೆಯೇ ಬಿಟ್ಟೆ. ಋಣ 5 ವೋಲ್ಟ್ ಇಲ್ಲದೆ ಉಳಿದೆರಡು ಸರಬರಾಜು ಹರಿಯುತ್ತಿದ್ದರೆ 4116 ಚಿಪ್‌ಗಳು ಒಳಗೊಳಗೇ ಬೇಯುತ್ತವೆ. ಪರದೆಯ ಚಿತ್ರದ 6,912 ಬೈಟ್‌ಗಳೂ ಅದೇ ಸ್ಮೃತಿಯಲ್ಲಿರುವುದರಿಂದ, ನಾನು ಆಸೆಯಿಂದ ನೋಡುತ್ತಿದ್ದ ಆ ಪಟ್ಟೆಗಳು ಕೆಟ್ಟ ಸ್ಮೃತಿಯ ಪ್ರತಿಬಿಂಬವೇ ಆಗಿದ್ದವು.

ಮೇಲಿನ 32ಕೆ ಉಳಿಯಿತು, ಏಕೆಂದರೆ ಅಲ್ಲಿನ ಚಿಪ್‌ಗಳಿಗೆ 5 ವೋಲ್ಟ್ ಒಂದೇ ಸಾಕು. (ಅವು ಅರ್ಧ ಭಾಗ ಮಾತ್ರ ಸರಿಯಿದ್ದ 64 ಕಿಲೋಬಿಟ್ ಚಿಪ್‌ಗಳು, ಬೆಲೆ ಇಳಿಸಲು ಸಿಂಕ್ಲೇರ್ ಕಂಪನಿ ಅವನ್ನೇ ಕೊಂಡು ಬಳಸಿತ್ತು.) ಯಂತ್ರದ ಪ್ರೊಸೆಸರ್ ಆದ ಝಡ್80 ಕೂಡ ಉಳಿಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಅಲೆದು ಐದು ಚಿಪ್ ಹುಡುಕಿ ತರುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು.

ಇನ್ನು, ಕಲಿಯಲು ಕಮೊಡೋರ್‌ನಲ್ಲಿರುವ 6502 ಬಳಗದ ಪ್ರೊಸೆಸರ್ ಒಳ್ಳೆಯದೋ ಝಡ್80 ಒಳ್ಳೆಯದೋ ಎಂಬ ನಿಮ್ಮ ಎರಡನೆಯ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಕಾಲೇಜಿನ ಕಿಟ್‌ನಲ್ಲಿ ಇಂಟೆಲ್‌ನ 8085 ಪ್ರೊಸೆಸರ್ ಕಲಿತಿದ್ದೇನೆ ಎಂದಿದ್ದೀರಿ; ಅದು 8080ರ ಮುಂದಿನ ರೂಪ. ಹಾಗಾದರೆ ಝಡ್80ರ ಅರ್ಧ ಪಾಠ ಆಗಲೇ ನಿಮ್ಮ ಕೈಯಲ್ಲಿದೆ. ಇಂಟೆಲ್‌ನಲ್ಲಿ 8080 ರೂಪಿಸಿದ ಫೆಡೆರಿಕೊ ಫಾಜಿನ್ ಅಲ್ಲಿಂದ ಹೊರಬಂದು ಝೈಲಾಗ್ ಕಟ್ಟಿ, 1976ರಲ್ಲಿ ಝಡ್80 ತಂದಾಗ 8080ರ ಆದೇಶಗಳು ಅದರಲ್ಲೂ ನಡೆಯುವಂತೆ ನೋಡಿಕೊಂಡರು. ಸ್ಪೆಕ್ಟ್ರಮ್‌ನಲ್ಲಿ 30000ನೇ ವಿಳಾಸದಿಂದ 62, 2, 211, 254, 201 ಎಂಬ ಐದು ಬೈಟ್‌ಗಳನ್ನು ಪೋಕ್ ಮಾಡಿ (ನೇರವಾಗಿ ಸ್ಮೃತಿಗೆ ಬರೆದು) ಓಡಿಸಿದರೆ ಪರದೆಯ ಅಂಚು ಕೆಂಪಾಗುತ್ತದೆ. ಅವು ನಿಮಗೆ ಗೊತ್ತಿರುವ ಎಂವಿಐ ಎ, ಔಟ್ ಮತ್ತು ರೆಟ್ ಆದೇಶಗಳೇ. ಆದರೆ 8085ಕ್ಕೆ ಮಾತ್ರ ಸೇರಿದ ರಿಮ್ ಮತ್ತು ಸಿಮ್ ಆದೇಶಗಳನ್ನು ಬಳಸಬೇಡಿ. ಅವುಗಳ ಸಂಕೇತಗಳಾದ ಹೆಕ್ಸ್ (ಹದಿನಾರರ ಎಣಿಕೆಯ) 20 ಮತ್ತು 30 ಝಡ್80ರಲ್ಲಿ ಜಿಗಿತದ ಆದೇಶಗಳು. ಕಮೊಡೋರ್ ಉತ್ತಮ ಯಂತ್ರವೇ ಹೌದು, ಆದರೆ ಮನೆಯಲ್ಲಿರುವುದನ್ನು ಮಾರಿ ಅದನ್ನು ಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ಸ್ಪೆಕ್ಟ್ರಮ್‌ಗೆಂದೇ ತಯಾರಾದ, ನಡುವಿನದು ಋಣವಾಗಿರುವ, ಕನಿಷ್ಠ 1.4 ಆಂಪಿಯರ್ ಕೊಡಬಲ್ಲ ಹೊಸ ಅಡಾಪ್ಟರ್ ತರಿಸಿ. ಬಂದ ಮೇಲೂ ಮಲ್ಟಿಮೀಟರಿನಿಂದ ನೀವೇ ಅಳೆದು ನೋಡಿ. ಜೋಡಿಸಿದಾಗ ಪರದೆ ಒಮ್ಮೆ ಕಪ್ಪಾಗಿ, ನಂತರ ಬಿಳಿಯಾಗಿ, ಕೆಳಗೆ 1982 ಎಂಬ ಹಕ್ಕುಸ್ವಾಮ್ಯದ ಸಾಲು ಮೂಡಬೇಕು. ಅದರ ಬದಲು ಪಟ್ಟೆಗಳು ಕಂಡರೆ ಒಂದು ಕ್ಷಣವೂ ಕಾಯಬೇಡಿ. ಆ ಯಂತ್ರಕ್ಕೆ ಸ್ವಿಚ್ಚಿಲ್ಲ, ಆದ್ದರಿಂದ ತಂತಿಯನ್ನೇ ಕಿತ್ತುಬಿಡಿ.