ಚಳಿಗಾಲದಲ್ಲಿ ಮನೆಯೊಳಗೆ ಬೆಚ್ಚಗೆ ಕುಳಿತರೆ ಮನಸ್ಸು ಪ್ರೇಮದ ಕಡೆಗೇ ಹೋಗುವುದೇಕೆ?

ಡಿಸೆಂಬರ್ ಬಂತೆಂದರೆ ಸಂಜೆ ಬಾಗಿಲು ಹಾಕಿಕೊಂಡು ಕಂಬಳಿ ಹೊದ್ದು ಕೂರುತ್ತೀರಿ, ಮನಸ್ಸು ಪ್ರೇಮದ ಸುತ್ತಲೇ ಸುಳಿಯುತ್ತದೆ, ಬೆಂಗಳೂರಿನಲ್ಲಿ ಒಬ್ಬರೇ ಇದ್ದೀರಿ. ಇದು ಚಳಿಯ ಗುಣವೋ ಒಂಟಿತನವೋ ಎಂದು ಕೇಳಿದ್ದೀರಿ.

ಪಾಪ, ಎಲ್ಲವನ್ನೂ ಚಳಿಯ ತಲೆಗೆ ಕಟ್ಟಬೇಡಿ. ಬೆಂಗಳೂರಿನ ದಾಖಲೆಯ ಚಳಿ ಎಂದರೆ 1884ರ ಜನವರಿ 13ರ 7.8 ಡಿಗ್ರಿ. ಕತ್ತಲೆಯನ್ನು ದೂರುವಂತೆಯೂ ಇಲ್ಲ. ಹೆಲ್ಸಿಂಕಿಯಲ್ಲಿ ಡಿಸೆಂಬರ್ ಕೊನೆಯ ಹಗಲು 6 ಗಂಟೆಗೂ ಕಡಿಮೆ. ನಮ್ಮಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ 11 ಗಂಟೆ ದಾಟುತ್ತದೆ. ಆದರೂ ನಿಮಗೆ ಹಾಗನ್ನಿಸುವುದು ಸುಳ್ಳಲ್ಲ. ಹಳೆಯ ತಮಿಳು ಸಂಗಂ ಕವಿಗಳು ಒಂದೊಂದು ನೆಲಕ್ಕೆ ಒಂದೊಂದು ಭಾವವನ್ನೂ ಕಾಲವನ್ನೂ ಗೊತ್ತುಮಾಡಿದ್ದರು. ಅವರ ಲೆಕ್ಕದಲ್ಲಿ ಪ್ರಣಯಿಗಳು ಕೂಡುವುದು ಬೆಟ್ಟದ ಸೀಮೆಯಲ್ಲಿ, ಚಳಿಯ ದಿನಗಳಲ್ಲಿ, ನಡುರಾತ್ರಿಯಲ್ಲಿ. ಬೆಟ್ಟದ ಸೀಮೆಯವನಾದ ನನಗೆ ಇದರಲ್ಲಿ ತಕರಾರಿಲ್ಲ.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವನು. ನಮ್ಮಲ್ಲಿ ಚಳಿಗಾಲ ಎಂದರೆ ಅಡಿಕೆ ಕೊಯ್ಲು. ಕೊನೆಗೌಡ ಮರವೇರಿ ಅಡಿಕೆಯ ಗೊನೆ ಇಳಿಸಿದ ಮೇಲೆ ಹಸಿ ಅಡಿಕೆಯನ್ನು ಹೆಚ್ಚು ದಿನ ಇಟ್ಟುಕೊಳ್ಳುವಂತಿಲ್ಲ. ಸುಲಿಯಬೇಕು, ಚೊಗರಿನಲ್ಲಿ, ಅಂದರೆ ಹಿಂದೆ ಅಡಿಕೆ ಬೇಯಿಸಿ ಉಳಿದ ಕಂದು ನೀರಿನಲ್ಲಿ, ಬೇಯಿಸಬೇಕು, ಒಣಗಿಸಬೇಕು. ಸುಲಿಯುವ ಯಂತ್ರ ಬರುವ ಮುನ್ನ ಈ ಕೆಲಸ ರಾತ್ರಿ ಬಹಳ ಹೊತ್ತಿನವರೆಗೂ ನಡೆಯುತ್ತಿತ್ತು. ಒಬ್ಬರ ಮನೆಗೆ ಇನ್ನೊಬ್ಬರು ಸರದಿಯಲ್ಲಿ ದುಡಿಯುವ ಮುಯ್ಯಾಳುಗಳು ಬರುತ್ತಿದ್ದರು, ಅಕ್ಕಪಕ್ಕದ ಹುಡುಗ ಹುಡುಗಿಯರು ಕೈಖರ್ಚಿನ ಕಾಸಿಗಾಗಿ ಬರುತ್ತಿದ್ದರು. ಹೊರಗೆ ಇಬ್ಬನಿ, ಒಳಗೆ ಅಡಿಕೆ ಬೇಯುವ ಹಂಡೆಯ ಬಿಸಿ, ಮೂಲೆಯಲ್ಲಿ ಭದ್ರಾವತಿ ಆಕಾಶವಾಣಿ.

ಮೆಟ್ಟುಗತ್ತಿಯನ್ನು ಕಾಲಿನಿಂದ ಅದುಮಿ ಹಿಡಿದು ಕೂರಬೇಕು. ಅಡಿಕೆಯನ್ನು ಅಲಗಿಗೆ ಒತ್ತಿ ಎಳೆದರೆ ಸಿಪ್ಪೆ ಬಿಡುತ್ತದೆ. ಸ್ವಲ್ಪ ಮೈಮರೆತರೆ ಬೆರಳೇ ಹೋಗುತ್ತದೆ. ಕಣ್ಣು ಕತ್ತಿಯ ಮೇಲೆಯೇ ಇರಬೇಕು. ಆದರೆ ಬಾಯಿಗೆ ಕೆಲಸವಿಲ್ಲ, ಕಿವಿಗೂ ಇಲ್ಲ. ಮುಖ ನೋಡಿ ಮಾತನಾಡಲು ನಾಚುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೇ? ತಲೆ ತಗ್ಗಿಸಿಕೊಂಡೇ ಏನು ಬೇಕಾದರೂ ಹೇಳಬಹುದು, ಉತ್ತರ ಬಾರದಿದ್ದರೆ ಮುಂದಿನ ಅಡಿಕೆ ಎತ್ತಿಕೊಳ್ಳಬಹುದು.

ನಮ್ಮ ಚಿಕ್ಕಪ್ಪನ ಮದುವೆ ಗೊತ್ತಾದದ್ದು ಹೀಗೆ. ಊರಿನಲ್ಲೇ ಅವನದು ಚುರುಕು ಕೈ, ಆದರೆ ಒಂದು ವರ್ಷ, ಸುಲಿದ ಅಡಿಕೆ ಅಳೆದು ಕಾಸು ಕೊಡುವ ಹೊತ್ತಿಗೆ ಅವನ ಬುಟ್ಟಿ ಅರ್ಧವೂ ತುಂಬಿರುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಕೆಳಗಿನ ಮನೆಯ ಹುಡುಗಿಯ ಬುಟ್ಟಿ ಮಾತ್ರ ತುಳುಕುತ್ತಿತ್ತು. ಇಬ್ಬರ ಬೆರಳುಗಳೂ ಸಿಪ್ಪೆಯ ಕಲೆ ಹಿಡಿದು ಒಂದೇ ಸಮನೆ ಕಪ್ಪಾಗಿದ್ದವು, ಕಾಸು ಮಾತ್ರ ಅವಳಿಗೇ ಹೆಚ್ಚು. ಅಜ್ಜಿ ಕೆಲವು ರಾತ್ರಿ ಸುಮ್ಮನಿದ್ದರು. ಕೊನೆಗೊಂದು ದಿನ ಅಳತೆಯ ಡಬ್ಬ ಕೆಳಗಿಟ್ಟು, "ಇವಳ ಅಪ್ಪನ ಹತ್ತಿರ ಮಾತನಾಡಬೇಕಾಯಿತಲ್ಲ" ಎಂದರು. ಚಿಕ್ಕಪ್ಪ ತಲೆ ಎತ್ತಲಿಲ್ಲವಂತೆ. ಅಷ್ಟರಲ್ಲಿ ಧನುರ್ಮಾಸ ಹಿಡಿದಿತ್ತು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಲಗ್ನವಿಲ್ಲ. ಕಾಯುವುದು ಬಿಟ್ಟು ದಾರಿ ಇರಲಿಲ್ಲ. ಸುಲಿಯಲು ಇನ್ನೂ ರಾಶಿ ಅಡಿಕೆ ಇತ್ತು, ಅದಕ್ಕೆ ಅವರಿಬ್ಬರೂ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ ಎಂದು ಅಮ್ಮ ಈಗಲೂ ಹೇಳಿ ನಗುತ್ತಾರೆ.

ನನಗೆ ತಿಳಿದಂತೆ ಚಳಿ ಮಾಡುವುದು ಇಷ್ಟೇ: ಜನರನ್ನು ಅಂಗಳದಿಂದ ಒಳಗೆ ತಂದು ಒಂದೇ ಒಲೆಯ ಹತ್ತಿರ ಕೂರಿಸುತ್ತದೆ. ಮಿಕ್ಕದ್ದು ಜೊತೆಯಲ್ಲಿ ಕುಳಿತವರ ಕೆಲಸ. ನೀವು ಒಳಗೇನೋ ಬಂದಿದ್ದೀರಿ, ಪಕ್ಕದಲ್ಲಿ ಯಾರೂ ಇಲ್ಲ. ಹಾಗಾಗಿ ಪ್ರೇಮದ ಯೋಚನೆ ತಿರುತಿರುಗಿ ನಿಮ್ಮ ತಲೆಯೊಳಗೇ ಓಡಾಡುತ್ತದೆ. ಅದನ್ನು ಕಾಯಿಲೆ ಎಂದು ತಿಳಿಯಬೇಡಿ. ಕಂಬಳಿಯೊಳಗೆ ಕುಳಿತು ಮೊಬೈಲ್ ತೀಡುತ್ತಾ ಬೇರೆಯವರ ಮದುವೆಯ ಫೋಟೊ ನೋಡುವುದನ್ನು ಮಾತ್ರ ನಿಲ್ಲಿಸಿ, ಅದರಿಂದ ಬೆಚ್ಚಗಾಗುವುದಿಲ್ಲ.

ಬೆಂಗಳೂರಿನಲ್ಲಿ ಅಡಿಕೆ ಎಲ್ಲಿಂದ ತರಲಿ ಎನ್ನುತ್ತೀರಿ. ಇದು ಅವರೆಕಾಯಿಯ ಕಾಲವಲ್ಲವೇ? ಸೊಗಡಿರುವ ಅವರೆಕಾಯಿ ಎರಡು ಕಿಲೋ ತನ್ನಿ. ಬಿಡಿಸಿ, ಕಾಳನ್ನು ನೀರಿನಲ್ಲಿ ನೆನೆಹಾಕಿ. ನಾಲ್ಕೈದು ಗಂಟೆ ನೆನೆದ ಮೇಲೆ ಒಂದೊಂದೇ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿತುಕಿದರೆ ಸಿಪ್ಪೆಯಿಂದ ಪುಳಕ್ಕನೆ ಹೊರಬರುತ್ತದೆ. ಅನೇಕ ಸಲ ಎದುರಿಗಿದ್ದವರ ಮೂಗಿಗೂ ಬಡಿಯುತ್ತದೆ. ಒಬ್ಬರೇ ಮಾಡಲು ಹೊರಟರೆ ಅರ್ಧದಲ್ಲೇ ಸಾಕೆನಿಸುವ ಕೆಲಸ. ಆದ್ದರಿಂದ, ನಿಮ್ಮ ಪ್ರಶ್ನೆಯಲ್ಲಿ ಹೆಸರು ಹೇಳದೆ "ಕಚೇರಿಯ ಒಬ್ಬರು" ಎಂದು ಎರಡು ಸಲ ಬರೆದಿದ್ದೀರಲ್ಲ, ಅವರನ್ನು ಕರೆಯಿರಿ. ಕಾಫಿಗೆ ಎಂದು ಕರೆದರೆ ಇಬ್ಬರಿಗೂ ಇಲ್ಲದ ಮುಜುಗರ. ಹಿತಕಿದ ಅವರೆಯ ಸಾರು ಮಾಡುತ್ತಿದ್ದೇನೆ, ಕಾಳು ಹಿತುಕಲು ಕೈ ಸಾಲದು ಎನ್ನಿ. ಇನ್ನೂ ಒಂದಿಬ್ಬರು ಗೆಳೆಯರನ್ನೂ ಕರೆದರೆ ಅವರಿಗೂ ನಿರಾಳ. ಬರುವುದಿಲ್ಲ ಎಂದರೆ ಒತ್ತಾಯ ಬೇಡ. ಆ ದಿನ ಗೆಳೆಯರ ಜೊತೆಯೇ ಅಕ್ಕಿರೊಟ್ಟಿ ತಟ್ಟಿ. ಬಂದರೆ, ಅವರ ಪಾಲಿನ ಕಾಳನ್ನೂ ನೀವೇ ಹಿತುಕಿ ಅವರ ಬಟ್ಟಲಿಗೆ ಹಾಕಿ. ಯಾರಾದರೂ ಗಮನಿಸುತ್ತಾರೆ.